ದೊಡ್ಡ ಟೀಚರ್ ಸನ್ಮಾನಕ್ಕೆ ಹೋದದ್ದು

ಕಂಬಳಿ ಕಾರ್ಖಾನೆಯ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಊರಿನವರೆಲ್ಲ ದೊಡ್ಡ ಟೀಚರ್ ಎಂದು ಕರೆಯುತ್ತಿದ್ದರು. ಆಳು ನೋಡಿದರೆ ದೊಡ್ಡವರೇನಲ್ಲ. ಏಳನೆಯ ತರಗತಿಯ ಹುಡುಗಿಯರ ಸಾಲಿನಲ್ಲಿ ನಿಂತರೆ ಹುಡುಕಿ ತೆಗೆಯಬೇಕಾಗುತ್ತಿತ್ತು. ಆದರೆ ಕಾರ್ಖಾನೆಯಲ್ಲಿ ದುಡಿಯುವವರಲ್ಲಿ ಅರ್ಧಕ್ಕರ್ಧ ಜನ ಅವರ ಹತ್ತಿರ ಮಗ್ಗಿ ಕಲಿತು ಆಮೇಲೆ ಮಗ್ಗಕ್ಕೆ ಹೋದವರು. ಮೀಸೆ ನರೆತ ಗಂಡಸರು ಕೂಡ ಬೀದಿಯಲ್ಲಿ ಅವರು ಎದುರಾದರೆ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು.

ಅವರು ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ಬೀದಿಯ ಮನೆಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ತಮ್ಮ ಅದೇ ಕಾರ್ಖಾನೆಯಲ್ಲಿ ಮಗ್ಗ ರಿಪೇರಿ ಮಾಡುವ ಫಿಟ್ಟರ್. ಅವನ ಮಗಳು ಐದನೆಯ ತರಗತಿ. ಅವಳಿಗೆ ಮನೆಯಲ್ಲಿ ಅತ್ತೆ, ಶಾಲೆಯಲ್ಲಿ ಟೀಚರ್. ಗಾಬರಿಯಾದಾಗ ಎರಡೂ ಸೇರಿ 'ಟೀಚರತ್ತೆ' ಎಂದು ಬಾಯಿಂದ ಬಿದ್ದು ಇಡೀ ತರಗತಿ ನಗುತ್ತಿತ್ತು.

ಶಾಲೆಯನ್ನು ಕಟ್ಟಿಸಿದ್ದು ಕಾರ್ಖಾನೆಯ ಹಳೆಯ ಯಜಮಾನರು. ಚಾವಣಿ, ಬೆಂಚು, ಇಬ್ಬರು ಟೀಚರುಗಳ ಸಂಬಳ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಬಸ್ಸು, ಇಷ್ಟೂ ಕಾರ್ಖಾನೆಯ ಖರ್ಚು. ಆ ಬಸ್ಸಿಗೊಂದು ಕಥೆಯಿತ್ತು. ನೇಯ್ಗೆಯವರಲ್ಲಿ ಬಹಳ ಜನ ಇದ್ದದ್ದು ಹೊಳೆಯಾಚೆಯ ಕಾಲೊನಿಯಲ್ಲಿ. ಬಸ್ಸು ಬರುವ ಮೊದಲು ಮಕ್ಕಳು ಸೇತುವೆ ದಾಟಿ ಹೆದ್ದಾರಿಯ ಅಂಚಿನಲ್ಲಿ ನಡೆದು ಬರುತ್ತಿದ್ದರು. ಒಂದು ಮಂಜಿನ ಬೆಳಿಗ್ಗೆ ಒಂದು ಮಗು ಲಾರಿಗೆ ಸಿಕ್ಕಿತು. ಅದನ್ನು ರಸ್ತೆಯಿಂದ ಎತ್ತಿದವರಲ್ಲಿ ದೊಡ್ಡ ಟೀಚರೂ ಒಬ್ಬರು. ಆಗಿನ್ನೂ ಅವರಿಗೆ ಚಿಕ್ಕ ವಯಸ್ಸು. ಅದೇ ಸೀರೆಯಲ್ಲಿ, ಕಲೆಯನ್ನೂ ತೊಳೆದುಕೊಳ್ಳದೆ, ಹಳೆಯ ಯಜಮಾನರ ಬಾಗಿಲಿಗೆ ಹೋಗಿ ನಿಂತಿದ್ದರು. ಮುಂದಿನ ತಿಂಗಳು ಬಸ್ಸು ಬಂತು.

ವರ್ಷಕ್ಕೊಮ್ಮೆ ಊರಿನ ನಾಟಕ ಸಂಘದವರು ಪುರಭವನದಲ್ಲಿ ನಾಟಕವಾಡುತ್ತಿದ್ದರು. ಟಿಕೆಟ್ಟಿನ ಹಣ ಶಾಲೆಯ ಪುಸ್ತಕಗಳಿಗೆ. ಭವನದ ಬಾಡಿಗೆ, ದೀಪ, ಮೈಕು ಕಾರ್ಖಾನೆಯವರದು. ನಾಟಕಕ್ಕೆ ಮೊದಲು ಸಂಘವೂ ಕಾರ್ಖಾನೆಯೂ ಸೇರಿ ಒಬ್ಬ ಟೀಚರಿಗೆ ಸನ್ಮಾನ ಮಾಡುವುದು ರೂಢಿ. ದೊಡ್ಡ ಟೀಚರ್ ಎಷ್ಟು ಸಲ ಕೇಳಿದರೂ "ಮೊದಲು ಬೇರೆಯೋರಿಗಾಗ್ಲಿ" ಎಂದು ತಪ್ಪಿಸಿಕೊಂಡಿದ್ದರು. ಈ ವರ್ಷ ಅವರ ನಿವೃತ್ತಿ. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ತಮ್ಮನ ಹೆಂಡತಿ ಅಕ್ಕನಿಗೆಂದು ಹೊಸ ಸೀರೆ ತಂದು, ಅದಕ್ಕೆ ಒಪ್ಪುವ ರವಿಕೆಯನ್ನೂ ಹೊಲಿಸಿ ಇಟ್ಟಿದ್ದಳು.

ಸನ್ಮಾನಕ್ಕೆ ವಾರವಿರುವಾಗ ಕಾರ್ಖಾನೆಯ ಗೇಟಿಗೆ ನೋಟಿಸು ಬಿತ್ತು. ನೇಯ್ಗೆ ವಿಭಾಗವನ್ನು ಮುಚ್ಚಲಾಗುವುದು. ಇನ್ನು ಮುಂದೆ ಇಲ್ಲಿ ನೂಲು ಮಾತ್ರ. ಕಂಬಳಿ ಬೇರೆಲ್ಲೋ ತಯಾರಾಗುತ್ತದೆ. ನೇಯುವವರು, ಅಂಚು ಹೊಲಿಯುವ ಹೆಂಗಸರು, ಮಗ್ಗದ ಫಿಟ್ಟರುಗಳು, ಯಾರೂ ತಿಂಗಳಾಚೆ ಬರಬೇಕಾಗಿಲ್ಲ.

ಆ ಸಂಜೆ ಮನೆಗೆ ಬಂದ ತಮ್ಮ ಕೈ ತೊಳೆಯುತ್ತ ಬಹಳ ಹೊತ್ತು ನಲ್ಲಿಯ ಕೆಳಗೇ ನಿಂತಿದ್ದ. ಎಣ್ಣೆಯ ಕರೆ ಎಂದೋ ಹೋಗಿತ್ತು. ಅವನು ಉಜ್ಜುತ್ತಲೇ ಇದ್ದ.

"ಯೂನಿಯನ್ ಮೀಟಿಂಗ್ ಆಯ್ತು" ಎಂದ, ಬೆನ್ನು ತಿರುಗಿಸಿಕೊಂಡೇ. "ಆ ಸನ್ಮಾನಕ್ಕೆ ಯಾರೂ ಹೋಗ್ಬಾರ್ದು ಅಂತ ತೀರ್ಮಾನ. ಹಾಡೋಕೂ ಮಕ್ಕಳನ್ನ ಕಳಿಸಲ್ಲ."

"ಸರಿಯಾಗೇ ಇದೆ" ಎಂದರು ದೊಡ್ಡ ಟೀಚರ್.

"ಹಾಗಾದ್ರೆ ನೀನೂ ಹೋಗಲ್ಲ."

"ಹೋಗಲ್ಲ."

ಅವರು ಅದನ್ನು ಮನಸ್ಸಿನಿಂದಲೇ ಹೇಳಿದ್ದರು. ಮರುದಿನ ಬೆಳಿಗ್ಗೆ ಬಸ್ಸಿನ ಡ್ರೈವರು ಶಾಲೆಯ ಕಚೇರಿಗೆ ಬರದೇ ಹೋಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತ. "ಡೀಸೆಲ್ ಈ ತಿಂಗಳಿಗೆ ಮಾತ್ರ ಅಂದಿದಾರೆ ಟೀಚರ್. ಮುಂದಿಂದು ಗೊತ್ತಿಲ್ಲ ಅಂತಾರೆ. ನಾನು ಬೇರೆ ಕಡೆ ಕೆಲಸ ನೋಡ್ಕೊಳ್ಲಾ?"

ದೊಡ್ಡ ಟೀಚರ್ ಅವನನ್ನು ಕಳಿಸಿ, ನಾಲ್ಕನೆಯ ತರಗತಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಕೊಡೆ ಹಿಡಿದುಕೊಂಡು ಕಾರ್ಖಾನೆಗೆ ಹೋದರು.

ಮ್ಯಾನೇಜರ್ ಕೂಡ ಅವರ ವಿದ್ಯಾರ್ಥಿಯೇ. ಬಣ್ಣದ ತೊಟ್ಟಿಯಲ್ಲಿ ದುಡಿಯುತ್ತಿದ್ದ ತಂದೆಯ ಮಗ. ಓದಿ ಮೇಲೆ ಬಂದವನು. ಅವರನ್ನು ಕಂಡೊಡನೆ ಎದ್ದು ಕುರ್ಚಿ ಎಳೆದು ಕೊಟ್ಟು, ತಾನು ನಿಂತೇ ಇದ್ದ. ಅವನ ಬೆನ್ನ ಹಿಂದಿನ ಗಾಜಿನ ಕಿಟಕಿಯಿಂದ ನೇಯ್ಗೆಯ ಶೆಡ್ಡು ಕಾಣುತ್ತಿತ್ತು. ಅರ್ಧ ಮಗ್ಗಗಳು ಆಗಲೇ ನಿಂತಿದ್ದವು.

"ನೀವೇ ಯಾಕೆ ಬರೋಕೆ ಹೋದ್ರಿ ಟೀಚರ್. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

"ನೀನು ಬರೋನಾಗಿದ್ರೆ ನೋಟಿಸ್ ಹಾಕೋ ಮುಂಚೆ ಬರ್ತಿದ್ದೆ."

ಅವನು ಮೇಜಿನ ಮೇಲಿನ ಪೆನ್ನನ್ನು ನೇರವಾಗಿಟ್ಟ. "ಸಹಿ ನಂದು. ತೀರ್ಮಾನ ನಂದಲ್ಲ."

"ಅದನ್ನ ನನ್ನ ತಮ್ಮನಿಗೆ ಹೇಳು. ನಾನು ಕೇಳೋಕೆ ಬಂದಿದ್ದು ಬಸ್ಸಿನ ವಿಷಯ."

ಮ್ಯಾನೇಜರ್ ಬಾಗಿಲು ಹಾಕಿ ಬಂದು ಕೂತ. ನೇಯ್ಗೆಯವರೇ ಇಲ್ಲವೆಂದ ಮೇಲೆ ನೇಯ್ಗೆಯವರ ಮಕ್ಕಳಿಗೆ ಬಸ್ಸೇಕೆ ಎಂದು ಆಡಳಿತ ಮಂಡಳಿಯಲ್ಲಿ ಒಬ್ಬರು ಕೇಳಿದ್ದರಂತೆ. ಉಳಿದವರು ತಲೆಯಾಡಿಸಿದ್ದರಂತೆ. ಅಧ್ಯಕ್ಷರು ಮಾತ್ರ ಇನ್ನೂ ಏನೂ ಹೇಳಿಲ್ಲ.

"ಅಧ್ಯಕ್ಷರಿಗೆ ಈ ಸನ್ಮಾನ ಅಂದ್ರೆ ಪ್ರಾಣ ಟೀಚರ್. ಅವರ ತಂದೆ ಶುರು ಮಾಡಿದ್ದು. ನೀವೂ ಬರಲ್ಲ ಅಂದ್ರೆ ಮುಖಕ್ಕೆ ಹೊಡೆದ ಹಾಗಾಗತ್ತೆ. ಆಮೇಲೆ ಶಾಲೆ ಪರ ಮಾತಾಡೋಕೆ ನನಗೆ ಬಾಯೇ ಇರಲ್ಲ. ಬಂದ್ರೆ, ಬಸ್ಸು, ಇಬ್ಬರು ಟೀಚರ್ ಸಂಬಳ, ಮೂರು ವರ್ಷ ನಡೆಸೋ ಹಾಗೆ ಒಪ್ಪಿಸ್ತೀನಿ."

"ಅಂದ್ರೆ ನಾನು ವೇದಿಕೆ ಮೇಲೆ ನಿಂತು ನಗಬೇಕು. ಅದಕ್ಕೆ ಬಸ್ಸು."

"ನಗಬೇಕು ಅಂತ ನಾನು ಹೇಳ್ಲಿಲ್ಲ."

ದೊಡ್ಡ ಟೀಚರ್, "ನಿನ್ನ ಮಾತನ್ನ ನಂಬ್ತೀನಿ ಕಣಪ್ಪ. ನಿನ್ನ ಮೇಲಿನೋರ ಮಾತನ್ನ ನಂಬಲ್ಲ. ಮೊದಲೇ ಬರೆದು ಕೊಡ್ಲಿ. ಆಮೇಲೆ ನೋಡೋಣ" ಎಂದು ಎದ್ದರು.

ಬಾಗಿಲ ತನಕ ಬಂದ ಮ್ಯಾನೇಜರ್ ತಗ್ಗಿದ ದನಿಯಲ್ಲಿ, "ಬೈದ್ಬಿಡಿ ಟೀಚರ್. ನನಗೂ ಒಂಚೂರು ಸಮಾಧಾನ ಆಗತ್ತೆ" ಎಂದ.

"ನಿನಗೆ ಸಮಾಧಾನ ಮಾಡೋಕೆ ನಾನು ಬಂದಿಲ್ಲ" ಎಂದು ಹೇಳಿ ಅವರು ಮೆಟ್ಟಿಲಿಳಿದರು.

ಎರಡು ದಿನದ ಮೇಲೆ ಬರಹ ಬಂತು, ಅಧ್ಯಕ್ಷರ ಸಹಿಯೊಂದಿಗೆ. ಬಚ್ಚಿಡುವ ಸ್ವಭಾವ ದೊಡ್ಡ ಟೀಚರದಲ್ಲ. ಊಟಕ್ಕೆ ಕೂತಾಗ ತಮ್ಮನಿಗೆ ಎಲ್ಲವನ್ನೂ, ಮ್ಯಾನೇಜರ್ ಹೇಳಿದ ಮಾತುಗಳ ಸಮೇತ, ಹೇಳಿದರು.

ಅವನು ತಟ್ಟೆಯನ್ನು ಮುಂದಕ್ಕೆ ತಳ್ಳಿದ. "ಹೊಟ್ಟೆ ಮೇಲೆ ಹೊಡೆದೋರ ಕೈಯಿಂದ ಫಲಕ ತಗೊಳ್ತೀಯಾ?"

"ಫಲಕ ಯಾರಿಗೆ ಬೇಕು. ಮಕ್ಕಳು ಹೆದ್ದಾರಿ ಮೇಲೆ ನಡೀಬಾರ್ದು."

"ಅಪ್ಪ ಅಮ್ಮನಿಗೆ ಕೂಳಿಲ್ಲ. ಮಕ್ಕಳಿಗೆ ಬಸ್ಸು. ಚೆನ್ನಾಗಿದೆ ಅಕ್ಕ. ಅವರಿಗೆ ಬೇಕಾಗಿರೋದು ಅದೇ. ನಾಳೆ ಪೇಪರಲ್ಲಿ ನಿನ್ನ ಫೋಟೋ ಬರತ್ತೆ. ಕಾರ್ಖಾನೆಯೋರು ಎಷ್ಟು ಒಳ್ಳೆಯೋರು ನೋಡಿ, ಟೀಚರಿಗೆ ಮರ್ಯಾದೆ ಮಾಡಿದ್ರು ಅಂತಾರೆ. ನಮ್ಮ ಮಾತು ಯಾರು ಕೇಳ್ತಾರೆ ಆಮೇಲೆ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ದೊಡ್ಡ ಟೀಚರಿಗೆ ಅದು ಗೊತ್ತಿತ್ತು. "ನೀನು ಹೇಳೋದು ಸರಿ" ಎಂದರು. "ಆದ್ರೂ ನಾನು ಹೋಗ್ತೀನಿ."

"ನೀನು ಹೋದ್ರೆ ನಾನು ಈ ಮನೇಲಿರಲ್ಲ."

"ನೀನು ಈ ಮನೇಲೇ ಹುಟ್ಟಿದ್ದು."

"ಅದಕ್ಕೇ ಹೇಳ್ತಿರೋದು."

ತಮ್ಮನ ಹೆಂಡತಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ, ಬಡಿಸುವ ಚಮಚವನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡಿದ್ದಳು. ಅತ್ತ ದರಿ, ಇತ್ತ ಪುಲಿ. ಮರುದಿನ ಅವಳು ಅಳುತ್ತಲೇ ಬಟ್ಟೆ ಕಟ್ಟಿದಳು. ಹೊಳೆಯಾಚೆಯ ಕಾಲೊನಿಯಲ್ಲಿ ಅವರಿಗೆ ಒಂದು ಕೋಣೆ ಸಿಕ್ಕಿತ್ತು. ಹೊರಡುವಾಗ ಸೊಸೆ ಅತ್ತೆಯ ಸೊಂಟ ಹಿಡಿದುಕೊಂಡು ಬಿಡಲಿಲ್ಲ. ತಂದೆಯೇ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಅದೇ ಸಂಜೆ ನಾಟಕ ಸಂಘದ ಅಧ್ಯಕ್ಷೆ ಮನೆಗೆ ಬಂದರು. ಜೀವಮಾನವೆಲ್ಲ ರಂಗದ ಮೇಲೆ ರಾಣಿಯ ಪಾತ್ರವನ್ನೇ ಮಾಡಿದ್ದರಿಂದ ಅವರನ್ನು ಊರು ರಾಣಿಯಮ್ಮ ಎನ್ನುತ್ತಿತ್ತು. ಮೊಣಕಾಲು ನೋವಿನಿಂದ ಬಾಗಿಲ ಬಳಿಯೇ ಸ್ಟೂಲಿನ ಮೇಲೆ ಕೂತರು.

"ನಾಟಕ ಇಲ್ಲ" ಎಂದರು. "ನಮ್ಮ ರಾಜ ನೇಯ್ಗೆಯೋನು. ಮಂತ್ರಿ ನೇಯ್ಗೆಯೋನು. ಸೈನಿಕರೆಲ್ಲ ನೇಯ್ಗೆಯೋರು. ಇಷ್ಟು ವರ್ಷ ರಾಣಿ ಆಗಿದೀನಿ, ಪ್ರಜೆಗಳೇ ಇಲ್ಲದ ರಾಣಿ ಆಗಿದ್ದು ಇದೇ ಮೊದಲು."

ಇಬ್ಬರೂ ಒಂದು ಕ್ಷಣ ನಕ್ಕರು. ಆಮೇಲೆ ರಾಣಿಯಮ್ಮ, "ನಿಜವಾಗ್ಲೂ ಹೋಗ್ತೀಯಾ?" ಎಂದು ಕೇಳಿದರು.

"ಹೋಗ್ತೀನಿ."

"ಜನ ಕ್ಷಮಿಸಲ್ಲಮ್ಮ."

"ಗೊತ್ತು."

ರಾಣಿಯಮ್ಮ ಗೋಡೆ ಹಿಡಿದು ಎದ್ದರು. "ಹಾಗಾದ್ರೆ ನಾನೂ ಬರ್ತೀನಿ. ಆ ವೇದಿಕೆ ಮೇಲೆ ನಿನ್ನೊಬ್ಬಳನ್ನೇ ಬಿಡೋಕೆ ನನ್ನ ಕೈಲಾಗಲ್ಲ."

ಸನ್ಮಾನದ ದಿನ ದೊಡ್ಡ ಟೀಚರ್ ಹೊಸ ಸೀರೆಯನ್ನು ಮುಟ್ಟಲಿಲ್ಲ. ಶಾಲೆಗೆ ಉಡುವ ಬೂದಿ ಬಣ್ಣದ್ದನ್ನೇ ಉಟ್ಟು ನಡೆದು ಹೋದರು. ಪುರಭವನದ ಬೀದಿಯ ಎರಡೂ ಬದಿಯಲ್ಲಿ ಜನ ನಿಂತಿದ್ದರು. ಕೂಗಿಲ್ಲ, ಫಲಕವಿಲ್ಲ, ಬಾವುಟವಿಲ್ಲ. ನೇಯುವವರು, ಅಂಚು ಹೊಲಿಯುವ ಹೆಂಗಸರು, ಫಿಟ್ಟರುಗಳು. ದೊಡ್ಡ ಟೀಚರ್ ಸಮೀಪಿಸುತ್ತಿದ್ದಂತೆ ಒಬ್ಬ ಹೆಂಗಸು, ಮೂರನೆಯ ತರಗತಿಯ ಅವಳಿಗಳ ತಾಯಿ, ಮೆಲ್ಲಗೆ ತಿರುಗಿ ಬೆನ್ನು ಹಾಕಿದಳು. ಅವಳ ಪಕ್ಕದವನೂ ತಿರುಗಿದ. ಒಬ್ಬರಾದ ಮೇಲೆ ಒಬ್ಬರು ತಿರುಗುತ್ತ ಹೋಗಿ, ಬಾಗಿಲು ಮುಟ್ಟುವ ಹೊತ್ತಿಗೆ ಬೀದಿಯುದ್ದಕ್ಕೂ ಬೆನ್ನುಗಳೇ. ಅವುಗಳಲ್ಲಿ ತಮ್ಮನ ಬೆನ್ನನ್ನು ಗುರುತಿಸಲು ಅವರಿಗೆ ಕಷ್ಟವಾಗಲಿಲ್ಲ. ಎಡಗಡೆ ಭುಜ ಸ್ವಲ್ಪ ತಗ್ಗು. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವರು ಅವರೇ.

ಕಾಲು ನಿಂತಿತು. ವಾಪಸು ಹೋಗಿಬಿಡೋಣ ಎಂದು ಒಮ್ಮೆ ಅನ್ನಿಸಿತು. ಆಮೇಲೆ ಒಳಗೆ ಹೋದರು.

ಮುಂದಿನ ಎರಡು ಸಾಲಿನಲ್ಲಿ ಕಚೇರಿಯವರು, ಅವರ ಮನೆಯವರು. ಅವರ ಹಿಂದೆ ಗೋಡೆಯ ತನಕ ಖಾಲಿ ಕುರ್ಚಿಗಳು. ಮಕ್ಕಳ ಹಾಡಿಗೆ ಗುಮಾಸ್ತರ ಮಕ್ಕಳು ನಾಲ್ಕೈದು ಜನ ಬಂದಿದ್ದರು. ಎರಡನೆಯ ಚರಣಕ್ಕೆ ದನಿ ಸಾಲದೆ ನಿಂತುಬಿಟ್ಟರು. ರಾಣಿಯಮ್ಮ ಕೂತಲ್ಲಿಂದಲೇ ದನಿಗೂಡಿಸಿ ಹಾಡನ್ನು ದಡ ಮುಟ್ಟಿಸಿದರು. ಅಧ್ಯಕ್ಷರು ಮಾತಾಡಿದರು. ಕಾರ್ಖಾನೆಯೂ ಶಾಲೆಯೂ ಒಂದೇ ಕುಟುಂಬ ಎಂದರು. ಫಲಕ ಕೊಟ್ಟರು. ಫೋಟೋ ತೆಗೆದರು. ದೊಡ್ಡ ಟೀಚರ್ ನಗಲಿಲ್ಲ. ಫೋಟೋದವನೂ ನಗಿ ಎಂದು ಹೇಳುವ ಧೈರ್ಯ ಮಾಡಲಿಲ್ಲ.

ಮೈಕಿನ ಮುಂದೆ ಬಂದು ಅವರು ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದರು.

"ನಾನು ಇಲ್ಲಿಗೆ ಬಂದಿದ್ದು ಒಂದು ಮಾತಿಗೋಸ್ಕರ. ಬಸ್ಸನ್ನೂ ಇಬ್ಬರು ಟೀಚರ ಸಂಬಳವನ್ನೂ ಮೂರು ವರ್ಷ ನಡೆಸ್ತೀವಿ ಅಂತ ಅಧ್ಯಕ್ಷರು ನನಗೆ ಬರೆದು ಕೊಟ್ಟಿದಾರೆ. ನನಗೆ ಕೊಟ್ಟಿದ್ದು ನನ್ನ ಜೊತೆ ಹೋಗಬಾರ್ದು. ಅದನ್ನ ಅವರೇ ಒಂದು ಸಲ ಎಲ್ಲರ ಎದುರಿಗೆ ಹೇಳ್ಬೇಕು ಅಂತ ಕೇಳ್ಕೊಳ್ತೀನಿ."

ಅಧ್ಯಕ್ಷರು ಮ್ಯಾನೇಜರನ ಕಡೆ ನೋಡಿದರು. ಮ್ಯಾನೇಜರ್ ನೆಲ ನೋಡಿದ. ಬೇರೆ ದಾರಿ ಕಾಣದೆ ಅಧ್ಯಕ್ಷರು ಎದ್ದು, ಗಂಟಲು ಸರಿ ಮಾಡಿಕೊಂಡು, ಆ ಮಾತನ್ನು ಮೈಕಿನಲ್ಲಿ ಹೇಳಿದರು. ಮೈಕಿನ ಹಾರ್ನು ಬೀದಿಗೂ ಇತ್ತು.

"ಇನ್ನೊಂದು ಮಾತು" ಎಂದರು ದೊಡ್ಡ ಟೀಚರ್. "ಹಿಂದಿನ ಕುರ್ಚಿಗಳು ಖಾಲಿ ಇವೆ. ಅಲ್ಲಿ ಕೂರಬೇಕಾಗಿದ್ದೋರು ನನಗೆ ಅವಮಾನ ಮಾಡಿಲ್ಲ. ಅವರು ನನ್ನ ಹತ್ತಿರ ಕಲಿತೋರು. ಅನ್ಯಾಯ ಅನ್ಸಿದ ಕಡೆ ಹೋಗಬೇಡಿ ಅಂತ ನಾನೇ ಹೇಳಿಕೊಟ್ಟಿದ್ದೆ. ಅವರು ಬಂದು ಚಪ್ಪಾಳೆ ಹೊಡೆದಿದ್ರೆ ನನಗೆ ಬೇಜಾರಾಗ್ತಿತ್ತು. ನೇಯ್ಗೆ ಮುಚ್ಚಿದ್ದು ಸರಿಯಲ್ಲ. ನಮಸ್ಕಾರ."

ಚಪ್ಪಾಳೆ ಬರಲಿಲ್ಲ. ಹೊಡೆಯಬೇಕೋ ಬಾರದೋ ಎಂದು ಮುಂದಿನ ಸಾಲಿನವರಿಗೆ ತಿಳಿಯಲಿಲ್ಲ.

ಮಾತು ಬೀದಿಗೆ ಕೇಳಿಸಿದರೂ ಜನ ಕರಗಲಿಲ್ಲ. ಮಾತು ಮಾತೇ, ಹೋದದ್ದು ಹೋದದ್ದೇ. ಉಂಡ ಮನೆಯ ಜಂತೆ ಎಣಿಸಿದರು ಎಂದು ಕಚೇರಿಯವರೂ ಮುನಿಸಿಕೊಂಡರು. ಹೀಗಾಗಿ ಎರಡು ಕಡೆಗೂ ಬೇಡವಾದರು. ಬೀದಿಯಲ್ಲಿ ಎದುರಾದವರು ಈಗ ಸಿಗರೇಟು ಬಚ್ಚಿಡುತ್ತಿರಲಿಲ್ಲ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಬಾಡಿಗೆ ಕಟ್ಟಲಾಗದೆ ಎಷ್ಟೋ ಮನೆಯವರು ಬೇರೆ ಊರಿಗೆ ಹೋದರು; ತರಗತಿಗಳಲ್ಲಿ ಬೆಂಚುಗಳು ತೆರವಾದವು. ಆದರೆ ಬಸ್ಸು ಬರುತ್ತಿತ್ತು. ಉಳಿದ ಮಕ್ಕಳು ಅದರಿಂದ ಗದ್ದಲ ಮಾಡುತ್ತ ಇಳಿಯುತ್ತಿದ್ದರು. ಮಕ್ಕಳಿಗೆ ದೊಡ್ಡವರ ಮುನಿಸು ಬೆಳಗಿನ ಪ್ರಾರ್ಥನೆಯ ತನಕ ಮಾತ್ರ; ಆಮೇಲೆ ಅವರಿಗೆ ತಮ್ಮದೇ ಜಗಳಗಳಿದ್ದವು.

ಸೊಸೆ ಆ ಬಸ್ಸಿನಲ್ಲಿ ಬರುತ್ತಿರಲಿಲ್ಲ. ತಮ್ಮ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಸೇತುವೆ ದಾಟಿ, ಹೆದ್ದಾರಿಯ ಅಂಚಿನಲ್ಲಿ ತಂದು ಬಿಡುತ್ತಿದ್ದ. ಮಂಜಿನ ದಿನಗಳು ಶುರುವಾಗಿದ್ದವು. ದೊಡ್ಡ ಟೀಚರ್ ಪ್ರತಿ ಬೆಳಿಗ್ಗೆ ಗೇಟಿನ ಒಳಗೆ ನಿಂತು, ಲಾರಿಗಳ ಸದ್ದು ಕೇಳುತ್ತ, ಆ ಸೈಕಲ್ಲು ಕಾಣುವ ತನಕ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದರು. ಕಂಡ ಮೇಲೆ ಒಳಗೆ ಹೋಗಿಬಿಡುತ್ತಿದ್ದರು. ಒಂದು ದಿನ ತಡೆಯಲಾರದೆ ಹತ್ತಿರ ಹೋಗಿ, "ನನ್ನ ಮೇಲಿನ ಸಿಟ್ಟು ನನ್ನ ಮೇಲಿರ್ಲಿ. ಮಗೂನ ಬಸ್ಸಲ್ಲಿ ಕಳಿಸು" ಎಂದರು. ಅವನು ಸೈಕಲ್ಲು ತಿರುಗಿಸಿಕೊಂಡು ಹೋದ.

ಚಳಿ ಇಳಿಯುವ ಹೊತ್ತಿಗೆ ಅವನಿಗೆ ದೂರದ ಗೋಣಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಹೊರಡಬೇಕು. ಶಾಲೆ ಬಿಟ್ಟ ಮೇಲೆ ಒಂದು ಸಂಜೆ ಅವನು ಕಚೇರಿಯ ಬಾಗಿಲಲ್ಲಿ ಬಂದು ನಿಂತ. ದೊಡ್ಡ ಟೀಚರ್ ಕನ್ನಡಕ ತೆಗೆದರು.

"ಕಾಲೊನೀಲಿ ಬಸ್ಸು ಎಲ್ಲಿ ನಿಲ್ಲತ್ತೆ?" ಎಂದು ಕೇಳಿದ.

"ನೀರಿನ ಟ್ಯಾಂಕ್ ಹತ್ರ. ಐದು ನಿಮಿಷ ಮುಂಚೆ ನಿಂತಿರ್ಬೇಕು. ಡ್ರೈವರ್ ಕಾಯಲ್ಲ."

"ಸರಿ."

ಅವನು ಹೋಗಲಿಲ್ಲ. ಗೋಡೆಯ ಮೇಲಿನ ಭೂಪಟವನ್ನು ನೋಡುತ್ತ, "ನೀನು ಅಲ್ಲಿಗೆ ಹೋಗಬಾರ್ದಿತ್ತು ಅಂತಾನೇ ನನಗೆ ಈಗ್ಲೂ ಅನ್ಸತ್ತೆ" ಎಂದ.

"ಅನ್ಸಲಿ. ನಿನ್ನ ಜಾಗದಲ್ಲಿ ಇದ್ದಿದ್ರೆ ನಾನೂ ಬೆನ್ನು ಹಾಕ್ತಿದ್ದೆ."

"ಹಾಗಾದ್ರೆ ಯಾಕೆ ಹೋದೆ?"

"ನನ್ನ ಜಾಗದಲ್ಲಿ ಇದ್ದೆ" ಎಂದರು ಅವರು. ಆಮೇಲೆ, "ಊಟ ಆಯ್ತಾ?" ಎಂದು ಕೇಳಿದರು.

"ಇಲ್ಲ."

ಮನೆಗೆ ಹೋಗಿ ಇಬ್ಬರೂ ಉಂಡರು. ಅವನು ತಟ್ಟೆ ತೊಳೆದಿಟ್ಟು ಹೋದ. ಬಾಗಿಲು ಹಾಕಿದ ಮೇಲೆ ದೊಡ್ಡ ಟೀಚರ್ ಅಡುಗೆಮನೆಯಲ್ಲಿ ನಿಂತು, ಆ ವರ್ಷದಲ್ಲಿ ಮೊದಲ ಬಾರಿಗೆ, ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಅವರ ನಿವೃತ್ತಿಯ ದಿನ ಪೋಷಕರು ಯಾರೂ ಬರಲಿಲ್ಲ. ಉಳಿದ ಟೀಚರುಗಳು ಟೀ ಮಾಡಿಸಿದರು. ಮೂರು ವರ್ಷ ಕಾರ್ಖಾನೆ ಮಾತು ಉಳಿಸಿಕೊಂಡಿತು. ಮುಗಿದ ಮರುದಿನವೇ ಕೈ ತೊಳೆದುಕೊಂಡಿತು. ಅಷ್ಟರಲ್ಲಿ ಊರಿಗೂ ಉಸಿರು ಬಂದಿತ್ತು. ಬಸ್ಸು ನಿಲ್ಲುತ್ತದೆಂದು ತಿಳಿದಾಗ ರಾಣಿಯಮ್ಮ ಕೋಲೂರಿಕೊಂಡು ಅಂಗಡಿ ಅಂಗಡಿ ಹತ್ತಿಳಿದರು. ಟೈರ್ ಅಂಗಡಿಯವನು ಟೈರು ಕೊಡುತ್ತೇನೆಂದ, ಬೇಕರಿಯವರೂ ಮುದ್ರಣಾಲಯದವರೂ ಡೀಸೆಲ್ ಹಂಚಿಕೊಂಡರು. ಚದುರಿದ ರಾಜ, ಮಂತ್ರಿ, ಸೈನಿಕರನ್ನು ರಾಣಿಯಮ್ಮ ಮತ್ತೆ ಸೇರಿಸಿ ನಾಟಕವಾಡಿಸಿದರು. ಬಸ್ಸಿನ ಎಂಜಿನ್ ನೋಡಿಕೊಳ್ಳುವ ಕೆಲಸವನ್ನು ತಮ್ಮ, ಯಾರೂ ಕೇಳದೆಯೇ, ಭಾನುವಾರಗಳಲ್ಲಿ ವಹಿಸಿಕೊಂಡ. ಅವನ ಸಂಸಾರ ಹಳೆಯ ಮನೆಗೆ ವಾಪಸಾದದ್ದೂ ಆ ವರ್ಷವೇ.

ಆ ನಾಟಕಕ್ಕೆ ಮೊದಲು ಯಾರನ್ನು ವೇದಿಕೆಗೆ ಕರೆಯುವುದೆಂದು ಚರ್ಚೆಯಾದಾಗ ಕೆಲವರು ದೊಡ್ಡ ಟೀಚರ ಹೆಸರು ಎತ್ತಿದರು, ಕೆಲವರು ಸುಮ್ಮನಿದ್ದರು. ಆ ಸುಮ್ಮನಿದ್ದವರ ಮಾತನ್ನೂ ಕೇಳಿಸಿಕೊಂಡವರ ಹಾಗೆ ಅವರು, "ನನಗೊಂದು ಸಲ ಆಗಿದೆ, ಸಾಕು" ಎಂದರು. ಮೂರು ವರ್ಷವೂ ದಿನಾ ಮಕ್ಕಳ ಜೊತೆ ಆ ಬಸ್ಸಿನಲ್ಲಿ ಕಾಲೊನಿಗೆ ಹೋಗಿ ಬಂದ ಕಿರಿಯ ಟೀಚರನ್ನು ಕರೆಸಿದರು. ಪುರಭವನ ಕಿಕ್ಕಿರಿದಿತ್ತು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ದೊಡ್ಡ ಟೀಚರ್ ತಮ್ಮನ ಹೆಂಡತಿಗೂ ಸೊಸೆಗೂ ನಡುವೆ ಕೂತು, ಅಂಗೈ ಕೆಂಪಾಗುವ ತನಕ ತಟ್ಟಿದರು.

ನಾಟಕ ಉದ್ದವಾಗಿತ್ತು. ರಾಜನಿಗೆ ಮಾತು ಮರೆತು ಹೋಗಿ ರಾಣಿಯಮ್ಮ ಪರದೆಯ ಹಿಂದಿನಿಂದ ಹೇಳಿಕೊಡುವುದು ಎಲ್ಲರಿಗೂ ಕೇಳುತ್ತಿತ್ತು. ಮೂರನೆಯ ಅಂಕದಲ್ಲಿ ದೊಡ್ಡ ಟೀಚರ್ ತೂಕಡಿಸತೊಡಗಿದರು. ಸೊಸೆ ಎಬ್ಬಿಸಲು ಕೈ ಚಾಚಿದಳು. ಅವಳ ತಾಯಿ ಬೇಡವೆಂದು ಸನ್ನೆ ಮಾಡಿ, ಅವರ ಜಾರಿದ ಶಾಲನ್ನು ಭುಜಕ್ಕೆ ಎಳೆದಳು.